ಈ ವಾರದ ಆಲಿಕೆ: ಮರಿಯಾಚಿ ಮೇಳದಲ್ಲಿ ಹನುಕ್ಕಾ ಹಾಡು

ಸದಸ್ಯರಿಗೆ ನಮಸ್ಕಾರ. ಬೋಸ್ನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ಲೋರಿ ಜಗೋಡಾ ಅವರು ಯಹೂದಿಗಳ ದೀಪದ ಹಬ್ಬವಾದ ಹನುಕ್ಕಾಕ್ಕಾಗಿ 1983ರಲ್ಲಿ ಲಾಡಿನೋ ಭಾಷೆಯಲ್ಲಿ ರಚಿಸಿದ ‘ಓಚೋ ಕಂದೆಲಿಕಾಸ್’, ಅಂದರೆ ‘ಎಂಟು ಪುಟ್ಟ ಮೇಣದಬತ್ತಿಗಳು’, ಎಂಬ ಹಾಡನ್ನು ಈ ವಾರ ಮೆಕ್ಸಿಕೋದ ಜನಪದ ಮೇಳ ಸಂಗೀತವಾದ ಮರಿಯಾಚಿ ಶೈಲಿಯಲ್ಲಿ ಕೇಳೋಣ. 1492ರಲ್ಲಿ ಸ್ಪೇನ್ ತೊರೆಯಬೇಕಾಗಿ ಬಂದ ಯಹೂದಿಗಳು ತಮ್ಮೊಡನೆ ಒಯ್ದ ಹಳೆಯ ಸ್ಪ್ಯಾನಿಷ್ ಮಾತಿನಿಂದಲೇ ಲಾಡಿನೋ ಬೆಳೆದದ್ದರಿಂದ, ಸ್ಪ್ಯಾನಿಷ್ ಆಡುವ ಮರಿಯಾಚಿ ಗಾಯಕರ ನಾಲಿಗೆಗೆ ಇದರ ಸಾಹಿತ್ಯ ಸಲೀಸಾಗಿ ಒಗ್ಗುತ್ತದೆ. ಈ ಬೆಸುಗೆ ನನಗೆ ಕೃತಕವೆನಿಸದಿರಲು ಇದೇ ಕಾರಣ. ಗಿಟಾರಿನಂಥ, ದೊಡ್ಡ ಹೊಟ್ಟೆಯ ತಂತಿವಾದ್ಯ ಗಿಟಾರೋನ್ ಮಂದ್ರದಲ್ಲಿ ನಡೆ ಹಿಡಿದಿರುವಾಗ, ಅದೇ ಬಗೆಯ ಪುಟ್ಟ ತಂತಿವಾದ್ಯ ವಿಹುವೇಲಾದ ಚುರುಕು ಮೀಟು ಅದರ ಮೇಲೆ ಹೇಗೆ ಕುಣಿಯುತ್ತದೆ, ಒಂದೊಂದೇ ದೀಪವನ್ನು ಎಣಿಸುವ ಪಲ್ಲವಿಗೆ ಟ್ರಂಪೆಟ್ಟುಗಳು ಹೇಗೆ ಉತ್ತರಿಸುತ್ತವೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಆಲಿಸಿ, ಭಾನುವಾರದೊಳಗೆ ನಿಮ್ಮ ಅನಿಸಿಕೆಯನ್ನು ಇಲ್ಲಿಯೇ ಬರೆಯಿರಿ.