22 ರಾತ್ರಿ ನಮ್ಮ ಜೊತೆ ಎಚ್ಚರ ಇದ್ದವರಿಗೆ

ನಿನ್ನೆ ಸಂಜೆ ಅಪ್ಪ ವಾಕರ್ ಹಿಡಿದು ತೋಟದ ಬೇಲಿಯವರೆಗೆ ನಡೆದರು. ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟಕ್ಕೇ ಅಮ್ಮನ ಕಣ್ಣು ತುಂಬಿ ಬಂತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಗುಬ್ಬಿ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ತುಮಕೂರಿನಲ್ಲಿ ಆಪರೇಷನ್. ಆಸ್ಪತ್ರೆ, ಆಮೇಲೆ ನನ್ನ ಬಾಡಿಗೆ ಮನೆ, ಒಟ್ಟು 22 ದಿನ ಅವರ ಮಂಚದ ಪಕ್ಕದಲ್ಲೇ ಇದ್ದೆ.

ಮೊದಲು ರೈಲಿನವರಿಗೆ. ತುಮಕೂರಿನಿಂದ ಯಶವಂತಪುರಕ್ಕೆ ಪಾಸ್ ಮಾಡಿಸಿಕೊಂಡು ದಿನಾ ಓಡಾಡುವ ನಮ್ಮ ಗುಂಪಿನಲ್ಲಿ ಎಷ್ಟೋ ಜನರ ಪೂರ್ತಿ ಹೆಸರು ನನಗೆ ಈಗಲೂ ಗೊತ್ತಿಲ್ಲ. ಎರಡು ಬಾಟ್ಲಿ ರಕ್ತ ಬೇಕು ಅಂತ ರಾತ್ರಿ ವಾಟ್ಸಾಪ್‌ನಲ್ಲಿ ಹಾಕಿದೆ. ಬೆಳಿಗ್ಗೆ ಐದು ಜನ ಬಂದು ನಿಂತಿದ್ದರು. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಅಣ್ಣ ಅವತ್ತಿನ ಸಂಬಳ ಬಿಟ್ಟು ಬಂದಿದ್ದರು. ಇನ್ನೊಬ್ಬರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು, "ಮೊದಲು ತಿನ್ನಿ ಸಾರ್, ಆಮೇಲೆ ಮಾತು" ಅಂದರು.

ವಾರ್ಡಿಗೆ ತಂದ ಮೇಲೆ ಅಪ್ಪ ಕೇಳಿದ ಮೊದಲ ಮಾತು, "ಕರೆಂಟ್ ಬಂತಾ?" ಆ ವಾರ ತೋಟಕ್ಕೆ ತ್ರೀ ಫೇಸ್ ರಾತ್ರಿ ಹೊತ್ತು ಕೊಡುತ್ತಿದ್ದರು. ಬೋರ್‌ವೆಲ್ ಮೋಟಾರಿಗೆ ಎರಡು ವರ್ಷದ ಹಿಂದೆ ನಾನೇ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಅದರೊಳಗೆ ಒಂದು ಸಿಮ್ ಇರುತ್ತೆ, ಎಲ್ಲಿಂದ ಫೋನ್ ಮಾಡಿದರೂ ಮೋಟಾರ್ ಶುರುವಾಗುತ್ತೆ. ಇನ್ಮೇಲೆ ನೀವು ರಾತ್ರಿ ಏಳೋದೇ ಬೇಡ ಅಂತ ಅಪ್ಪನಿಗೆ ಹೇಳಿದ್ದೆ. ಆಸ್ಪತ್ರೆ ವರಾಂಡದಿಂದ ಫೋನ್ ಮಾಡಿದೆ, ಮೋಟಾರೂ ಓಡಿತು. ಆದರೆ ನೀರು ಬುಡಕ್ಕೆ ಹೋಯ್ತಾ, ಡ್ರಿಪ್ ಪೈಪನ್ನು ಇಲಿ ಕಡಿದಿದೆಯಾ, ಯಾವ ಗೇಟ್‌ವಾಲ್ವ್ ತಿರುಗಿಸಬೇಕು, ಇದನ್ನೆಲ್ಲ ಸಿಮ್ ನೋಡೋದಿಲ್ಲ ಅಲ್ವಾ? ಪಕ್ಕದ ತೋಟದ ಚಿಕ್ಕಪ್ಪ ನೋಡಿದರು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋಗಿ, ಒಡೆದ ಪೈಪಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿದು, ಫೋಟೋ ತೆಗೆದು ಕಳಿಸಿದರು. ಒದ್ದೆ ಮಣ್ಣು, ತೆಂಗಿನ ಬುಡ, ಮೂಲೆಯಲ್ಲಿ ಚಿಕ್ಕಪ್ಪನ ಹೆಬ್ಬೆರಳು. "ಅಣ್ಣಂಗೆ ತೋರ್ಸು" ಅಂತ ಕೆಳಗೆ ಬರೆದಿದ್ದರು. ಅಪ್ಪ ಅದನ್ನು ನೋಡಿದ ಮೇಲೇ ನಿದ್ದೆ ಮಾಡಿದ್ದು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಬ್ಬರು ನನಗಾಗಿ ಎಚ್ಚರ ಇದ್ದರು. ಸೋಮವಾರ ಆಫೀಸಿಗೆ ಹೋದಾಗಲೇ ನನಗದು ಗೊತ್ತಾಗಿದ್ದು. ನಮ್ಮ ಸಾಫ್ಟ್‌ವೇರ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಗಡಿಯಾರದಲ್ಲಿ, ಇಟ್ಟುಕೊಳ್ಳುತ್ತೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಿಪೋರ್ಟ್ ತೆಗೆಯುವ ಕಡೆ ಆ ಐದೂವರೆ ಗಂಟೆ ಕೂಡಿಸೋದನ್ನು ನಾನು ಮರೆತಿದ್ದೆ. ಹಾಗಾಗಿ ರಾತ್ರಿ 12ರಿಂದ ಬೆಳಗಿನ 5.30ರೊಳಗೆ ಬಂದ ಆರ್ಡರ್‌ಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿದ್ದವು. ಗ್ರಾಹಕರು ಅದನ್ನು ಹಿಡಿದದ್ದು ನಾನು ರಜೆಯಲ್ಲಿದ್ದಾಗ.

ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಯಾವ ಸಾಲನ್ನು ಕೊನೆಯ ಸಲ ಯಾರು, ಯಾವತ್ತು ಬದಲಿಸಿದರು ಅಂತ ತೋರಿಸುತ್ತೆ. ನನ್ನ ಜೊತೆ ಕೆಲಸ ಮಾಡುವ, ನನಗಿಂತ ಆರು ವರ್ಷ ಚಿಕ್ಕವರಾದ ಆ ಹುಡುಗಿಗೆ ನನ್ನ ಹೆಸರು ಕಂಡೇ ಇರುತ್ತೆ. ಆದರೂ ಫೋನ್ ಮಾಡಲಿಲ್ಲ. ತಾವೇ ಕೂತು ಸರಿ ಮಾಡಿ, ಮತ್ತೆ ಹೀಗಾಗದ ಹಾಗೆ ಟೆಸ್ಟ್ ಬರೆದು, ಟೀಮಿನ ಗುಂಪಿನಲ್ಲಿ ಇಷ್ಟೇ ಹಾಕಿದ್ದರು: "ಅವರ ತಂದೆ ಆಸ್ಪತ್ರೆಯಲ್ಲಿದ್ದಾರೆ. ಏನಿದ್ದರೂ ನನ್ನನ್ನು ಕೇಳಿ." ಅದನ್ನು ಓದಿ ಎಷ್ಟು ಹೊತ್ತು ಸುಮ್ನೆ ಕೂತಿದ್ದೆನೋ. ಅವರ ಕೋಡ್ ರಿವ್ಯೂ ಮಾಡುವಾಗ ನಾನು ಎಷ್ಟೋ ಸಲ ಖಾರವಾಗಿ ಬರೆದಿದ್ದೇನೆ. ಇನ್ಮೇಲೆ ಬರೆಯೋದಿಲ್ಲ. ಇದನ್ನು ಅವರಿಗೆ ಎದುರಿಗೇ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ನನ್ನ ಹೆಂಡತಿಗೆ ಥ್ಯಾಂಕ್ಸ್ ಅಂದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಆದರೆ ಅಪ್ಪನಿಗೆ ಮೊದಲ ಸಲ ಕೂರೋದಕ್ಕೆ ಭುಜ ಕೊಟ್ಟವಳು ಅವಳೇ. ಅದು ಎಲ್ಲರಿಗೂ ಗೊತ್ತಿರಲಿ.

ಚಿಕ್ಕಪ್ಪ ಕಾಯಿ ಒಡೆದು ಕೊಟ್ಟಿದ್ದಾರೆ, ಅಮ್ಮ ಕೊಬ್ಬರಿ ಮಿಠಾಯಿ ಮಾಡುತ್ತಿದ್ದಾರೆ. ನಾಳೆ ಬೆಳಗಿನ ರೈಲಿಗೆ ಒಂದು ಡಬ್ಬಿ, ಆಫೀಸಿಗೆ ಒಂದು ಡಬ್ಬಿ ತರುತ್ತೇನೆ. ಎಲ್ಲರೂ ಇರಿ.