ಹೊಸ ಪಿಸಿಯಲ್ಲಿ ಗೇಮ್ ತಡವರಿಸುತ್ತಿದೆಯಾ? ಮೊದಲು ಇಷ್ಟು ನೋಡಿ

ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ ಪಾರ್ಟ್ಸ್ ತಂದು ಪಿಸಿ ಜೋಡಿಸಿದವರು ಇಲ್ಲಿ ಕೇಳುವುದು ಒಂದೇ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಚೆನ್ನಾಗೇ ತೋರಿಸುತ್ತದೆ, ಆದ್ರೂ ಗೇಮ್ ಯಾಕೆ ತಡವರಿಸುತ್ತದೆ ಅಂತ. ಅಂಗಡಿಗೆ ಹೊತ್ತುಕೊಂಡು ಓಡಬೇಡಿ. ಪಿಸಿ ಹಿಂದೆ ಸ್ವಲ್ಪ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಯುಎಸ್‌ಬಿಗಳ ಪಕ್ಕದಲ್ಲಿದ್ದರೆ ಅದು ಮದರ್‌ಬೋರ್ಡಿಗೆ ಹೋಗಿದೆ. ತೆಗೆದು ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಆಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಿ, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅಂತ. 144 ಹರ್ಟ್ಸ್ ಮಾನಿಟರ್ ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ, ಕೊಟ್ಟ ದುಡ್ಡು ಸುಮ್ನೆ ದಂಡ ಅಲ್ವಾ? ಎರಡು ರ‍್ಯಾಮ್ ಸ್ಟಿಕ್ ಇದ್ದು ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಹಾಕಬೇಕು. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಆನ್ ಮಾಡಿ, ಮೆಮೊರಿ ತನ್ನ ಪೂರ್ತಿ ವೇಗದಲ್ಲಿ ಓಡಲು ಇರುವ ಸೆಟ್ಟಿಂಗ್ ಅದು. ಹೊಸ ಗೇಮ್ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಮಾಡುವಾಗ, ಅಂದರೆ ನಿಮ್ಮ ಕಾರ್ಡಿಗೆ ತಕ್ಕಂತೆ ಸಿದ್ಧ ಮಾಡಿಕೊಳ್ಳುವಾಗ, ಸ್ವಲ್ಪ ತಡವರಿಸುವುದು ಮಾಮೂಲು. ಇಷ್ಟಾದರೂ ಸರಿಹೋಗದಿದ್ದರೆ ಫ್ರೇಮ್ ಟೈಮ್ (ಒಂದೊಂದು ಫ್ರೇಮಿಗೆ ಹಿಡಿದ ಸಮಯ) ಗ್ರಾಫಿನ ಫೋಟೋ ಹಾಕಿ, ಬರೀ ‘ಲ್ಯಾಗ್ ಆಗ್ತಿದೆ’ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.