ಮಗಳಿಗೊಂದು ಪತ್ರ: ನಲವತ್ತರ ಬಸಿರು, ವಾರಗಳ ಲೆಕ್ಕ

ಪ್ರೀತಿಯ ಮಗಳೇ,

ನೀನು ನೋಡು ಅಂದ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ'ಯ ಆ ಕಂತು ನೋಡಿದೆ. ರೇಡಿಯೋ ಸ್ಟೇಷನ್ನಿನ ಮ್ಯಾನೇಜರ್ ಆರ್ಥರ್ ಕಾರ್ಲ್ಸನ್, ಅವನ ಹೆಂಡತಿ ಕಾರ್ಮೆನ್. ಇನ್ನು ಮಕ್ಕಳ ಮಾತು ಮುಗಿಯಿತು ಅಂದುಕೊಂಡ ವಯಸ್ಸಿನಲ್ಲಿ ಅವಳು ಬಸುರಿ. ಅಮೆರಿಕದ ಸಿಬಿಎಸ್ ಟಿವಿಯಲ್ಲಿ 1978ರಿಂದ 1982ರವರೆಗೆ ಬಂದ ಒಂದು ಹಾಸ್ಯ ಧಾರಾವಾಹಿ ಈ ವಿಷಯವನ್ನು ಕೈಗೆತ್ತಿಕೊಂಡದ್ದು ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಕಾರ್ಲ್ಸನ್ ಪಾತ್ರ ಮಾಡಿದ ಗಾರ್ಡನ್ ಜಂಪ್ ಗಾಬರಿ ಮತ್ತು ಮಮತೆ ಎರಡನ್ನೂ ಒಂದೇ ಮುಖದಲ್ಲಿ ತೋರಿಸಬಲ್ಲ ನಟ.

ಆದರೆ ಕಾರ್ಮೆನ್ ಕಾಲದ ಹೆಂಗಸಿಗೆ ಹೊಟ್ಟೆಯಲ್ಲಿನ ಮಗುವಿನ ಬಗ್ಗೆ ಗೊತ್ತಾಗಬಹುದಾದದ್ದು ಎಷ್ಟು ಕಡಿಮೆ, ಗೊತ್ತಾಗುವ ಹೊತ್ತಿಗೆ ಎಷ್ಟು ತಡ! ಆಗ ಇದ್ದದ್ದು ಹೆಚ್ಚುಕಡಿಮೆ ಒಂದೇ ದಾರಿ: 16ನೇ ವಾರದ ಸುಮಾರಿಗೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು, ಅದರಲ್ಲಿನ ಜೀವಕೋಶಗಳನ್ನು ಬೆಳೆಸಿ, ವಾರಗಟ್ಟಲೆ ಕಾಯುವುದು. ನಲವತ್ತಕ್ಕೆ ಚೊಚ್ಚಲು ಬಸುರಿಯಾದ ನಿನಗೆ ಹತ್ತನೇ ವಾರಕ್ಕೇ ರಕ್ತಪರೀಕ್ಷೆ ಇದೆ. ಒಂದು ಮಾತು ಮಾತ್ರ ನೆನಪಿಡು: ಪ್ರತಿ ಪರೀಕ್ಷೆಗೂ ಅದರದೇ ವಾರವಿದೆ, ಕೆಲವು ದಾಟಿದರೆ ಮತ್ತೆ ಸಿಗುವುದಿಲ್ಲ.

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಲವತ್ತರ ಹತ್ತಿರ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ, ಹಾಗಾಗಿ ಆ ಲೆಕ್ಕವನ್ನು ಪೂರ್ತಿ ನಂಬಬೇಡ. ಏಳರಿಂದ ಒಂಬತ್ತನೇ ವಾರದೊಳಗೆ ಸ್ಕ್ಯಾನ್ ಮಾಡಿಸಿ, ಭ್ರೂಣದ ಉದ್ದ ನೋಡಿ ಹೆರಿಗೆ ದಿನಾಂಕ ಗಟ್ಟಿ ಮಾಡಿಸಿಕೊ. ಗರ್ಭ ಸರಿಯಾದ ಜಾಗದಲ್ಲಿ ಕೂತಿದೆಯೇ, ಎದೆಬಡಿತ ಇದೆಯೇ, ಒಂದೇ ಮಗುವೋ ಅವಳಿಯೋ ಎಂಬುದೂ ಅದರಲ್ಲೇ ತಿಳಿಯುತ್ತದೆ. ಮೂವತ್ತೈದು ದಾಟಿದ ಮೇಲೆ ಒಂದೇ ತಿಂಗಳಲ್ಲಿ ಎರಡು ಅಂಡ ಬಿಡುಗಡೆಯಾಗುವುದು ಹೆಚ್ಚು, ಅವಳಿ ಆಗುವುದೂ ಅದಕ್ಕೇ.

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಕೈಗೆ ಸಿಗುವುದು 5 ಮಿಲಿಗ್ರಾಂ ಮಾತ್ರೆ, ಅಂದರೆ ಹನ್ನೆರಡು ಪಟ್ಟಿಗಿಂತ ಹೆಚ್ಚು. ಅದು ಸಕ್ಕರೆ ಕಾಯಿಲೆ ಇರುವವರಿಗೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇದ್ದವರಿಗೆ ಕೊಡುವಂಥದ್ದು. ನಿನ್ನ ಚೀಟಿಯಲ್ಲಿ ಯಾವುದು ಬರೆದಿದೆ, ಯಾಕೆ ಎಂದು ಡಾಕ್ಟರನ್ನು ಕೇಳು. ಕಬ್ಬಿಣದ ಮಾತ್ರೆ ಮೂರು ತಿಂಗಳು ತುಂಬಿದ ಮೇಲೆ. ಅದನ್ನು ನುಂಗಿದ ಹೊತ್ತಿಗೆ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ನಲವತ್ತು ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಂದು ಬಸಿರು ನಿಲ್ಲುವುದಿಲ್ಲ, ಹೋಗುವುದೂ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ. ಬಹುಪಾಲು ಕಾರಣ ಅಂಡದಲ್ಲೇ ವರ್ಣತಂತುಗಳ (ಕ್ರೋಮೋಸೋಮ್) ಎಣಿಕೆ ತಪ್ಪಿರುವುದು. ಪರಂಗಿಹಣ್ಣಿನ ಒಂದು ಹೋಳು ತಿಂದದ್ದಕ್ಕೆ, ಮೆಟ್ಟಿಲು ಹತ್ತಿದ್ದಕ್ಕೆ, ಆಫೀಸಿಗೆ ಹೋದದ್ದಕ್ಕೆ ಹೀಗಾಯಿತು ಎಂದು ಯಾರಾದರೂ ಅಂದರೆ ಒಂದು ಕ್ಷಣವೂ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಡೌನ್ ಸಿಂಡ್ರೋಮ್ (21ನೇ ವರ್ಣತಂತು ಒಂದು ಹೆಚ್ಚಿರುವ ಸ್ಥಿತಿ) ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ಕ್ಕೆ ಒಂದು, 35ಕ್ಕೆ 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದು. ಅಂದರೆ ನಿನ್ನ ವಯಸ್ಸಿನಲ್ಲೂ ನೂರರಲ್ಲಿ 99 ಮಕ್ಕಳಿಗೆ ಅದು ಇರುವುದಿಲ್ಲ. ಹತ್ತನೇ ವಾರ ತುಂಬಿದ ಮೇಲೆ ಎನ್‌ಐಪಿಟಿ ಮಾಡಿಸಬಹುದು. ನಿನ್ನ ತೋಳಿನಿಂದ ತೆಗೆದ ರಕ್ತದಲ್ಲಿ ಮಾಸಿನಿಂದ (ಪ್ಲಸೆಂಟಾ) ಬಂದ ಡಿಎನ್‌ಎ ಚೂರುಗಳನ್ನು ಎಣಿಸುವ ಪರೀಕ್ಷೆ ಅದು. ಡೌನ್ ಸಿಂಡ್ರೋಮನ್ನು ನೂರಕ್ಕೆ 99ರಷ್ಟು ಹಿಡಿಯುತ್ತದೆ, ಆದರೂ ಅದು ಕೊನೆಯ ತೀರ್ಪಲ್ಲ. ಡಿಎನ್‌ಎ ಬರುವುದು ಮಾಸಿನಿಂದಲೇ ಹೊರತು ಮಗುವಿನಿಂದ ಅಲ್ಲ, ಎರಡೂ ಅಪರೂಪಕ್ಕೆ ಬೇರೆಬೇರೆ ಇರುತ್ತವೆ. ಬೇಗ ರಕ್ತ ಕೊಟ್ಟರೆ ಅಥವಾ ತಾಯಿಯ ತೂಕ ಹೆಚ್ಚಿದ್ದರೆ ಆ ಚೂರುಗಳ ಪಾಲು ಸಾಲದೆ 'ಫಲಿತಾಂಶ ಇಲ್ಲ' ಎಂದೂ ಬರಬಹುದು. ಹಾಗೆ ಬಂದರೆ ಮಗುವಿಗೇ ಏನೋ ಆಗಿದೆ ಎಂದು ಹೆದರಬೇಡ, ಮುಂದೇನು ಎಂದು ಡಾಕ್ಟರನ್ನು ಕೇಳು.

ಎನ್‌ಐಪಿಟಿ ಚೆನ್ನಾಗಿ ಬಂತೆಂದು ಎನ್.ಟಿ. ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಸ್ಕ್ಯಾನ್) ಬಿಡುವವರಿದ್ದಾರೆ, ನೀನು ಬಿಡಬೇಡ. ಅದನ್ನು ಮಾಡುವುದು 11 ವಾರದಿಂದ 13 ವಾರ 6 ದಿನದೊಳಗೆ, ಮಗುವಿನ ಉದ್ದ 45ರಿಂದ 84 ಮಿ.ಮೀ. ಇರುವಾಗ ಮಾತ್ರ. ತಲೆಬುರುಡೆ, ಹೊಟ್ಟೆಯ ಗೋಡೆ, ಕೈಕಾಲು ಇವುಗಳ ದೊಡ್ಡ ದೋಷಗಳನ್ನು ರಕ್ತಪರೀಕ್ಷೆ ನೋಡುವುದಿಲ್ಲ, ಈ ಸ್ಕ್ಯಾನ್ ನೋಡುತ್ತದೆ. ಹನ್ನೆರಡನೇ ವಾರಕ್ಕೆ ಈಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊ.

ಸಂಶಯ ಬಂದರೆ ಖಚಿತಪಡಿಸಿಕೊಳ್ಳುವುದು ಹೆಚ್ಚಾಗಿ ಕಾರ್ಮೆನ್ ಕಾಲದ ಆ ಸೂಜಿಯಿಂದಲೇ, 15ನೇ ವಾರದ ನಂತರ. ಅದರಿಂದ ಗರ್ಭ ಹೋಗುವ ಸಾಧ್ಯತೆ ಪಳಗಿದ ಕೈಯಲ್ಲಿ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ಮುಖ್ಯ ವರ್ಣತಂತುಗಳ ಬೇಗದ ವರದಿ ಕೆಲವೇ ದಿನಗಳಲ್ಲಿ ಬರುತ್ತದೆ, ಪೂರ್ತಿ ವರದಿಗೆ ಎರಡು ಮೂರು ವಾರ. ಗಂಡೋ ಹೆಣ್ಣೋ ಎಂದು ನಮ್ಮಲ್ಲಿ ಯಾರೂ ಹೇಳುವಂತಿಲ್ಲ, 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಅದನ್ನು ತಡೆದಿದೆ, ತಡೆದದ್ದು ಸರಿಯೇ.

ಈ ದಿನಗಳನ್ನು ಹಿಂದಿನಿಂದ ಎಣಿಸಬೇಕಾದದ್ದು ಯಾಕೆಂದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಗರ್ಭ ತೆಗೆಸುವುದಕ್ಕೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, 24ರವರೆಗೆ ಕಾನೂನು ಗೊತ್ತುಪಡಿಸಿದ ವರ್ಗದವರಿಗೆ ಮಾತ್ರ, ಅದೂ ಇಬ್ಬರು ಡಾಕ್ಟರು ಒಪ್ಪಿದರೆ. ಅದಾದ ಮೇಲೆ ಮಗುವಿಗೆ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನೋಡಬೇಕು. ಹಾಗಾಗಿ ಐದನೇ ತಿಂಗಳ ದೊಡ್ಡ ಸ್ಕ್ಯಾನನ್ನು 22ಕ್ಕೆ ತಳ್ಳದೆ 18–19ನೇ ವಾರಕ್ಕೇ ಇಟ್ಟುಕೊ. ಯಾವ ಫಲಿತಾಂಶ ಬಂದರೆ ಏನು ಮಾಡುವುದು ಎಂದು ನೀನೂ ಅಳಿಯಂದಿರೂ ಸೂಜಿಗೆ ಮೊದಲೇ ಕೂತು ಮಾತಾಡಿ. ಏನೇ ಬಂದರೂ ಮಗುವನ್ನು ಇಟ್ಟುಕೊಳ್ಳುತ್ತೇವೆ ಎನ್ನುವುದೂ ಪೂರ್ತಿ ಸರಿಯಾದ ತೀರ್ಮಾನವೇ. ಆಗಲೂ ತಿಳಿದಿದ್ದರೆ ಉಪಯೋಗವಿದೆ: ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ, ಗೊತ್ತಿದ್ದರೆ ಹೃದಯ ತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬಹುದು.

ಎಲ್ಲರೂ ವರ್ಣತಂತುಗಳ ಬಗ್ಗೆಯೇ ಹೆದರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕಳವಳ ಬಿಪಿಯದು. ಚೊಚ್ಚಲು, ನಲವತ್ತು ವರ್ಷ, ಎರಡೂ ಸೇರಿದಾಗ ಬಿಪಿ ಏರುವ ಸಾಧ್ಯತೆ ಹೆಚ್ಚು. ಆಸ್ಪಿರಿನ್ ಬೇಕೇ ಎಂದು 12ನೇ ವಾರದಲ್ಲೇ ಕೇಳು. ಸಾಮಾನ್ಯವಾಗಿ ರಾತ್ರಿ 150 ಮಿಲಿಗ್ರಾಂ, 16 ವಾರದೊಳಗೆ ಶುರು ಮಾಡಿ 36ರವರೆಗೆ ಕೊಡುತ್ತಾರೆ. ಮಾಸು ಬೇರೂರುವ ಹೊತ್ತಿಗೆ ಕೆಲಸ ಮಾಡಬೇಕಾದ ಮಾತ್ರೆಯಾದ್ದರಿಂದ ತಡವಾಗಿ ಶುರು ಮಾಡಿದರೆ ಪ್ರಯೋಜನ ಕಡಿಮೆ. ನೀನಾಗಿಯೇ ಅಂಗಡಿಯಿಂದ ತಂದು ನುಂಗಬೇಡ. 20 ವಾರದ ನಂತರ ಬಿಪಿ 140/90 ಮುಟ್ಟಿದರೆ ಅಂದೇ ಡಾಕ್ಟರಿಗೆ ಫೋನ್ ಮಾಡು. 160/110 ಬಂದರೆ, ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಮುಖ ಒಮ್ಮೆಲೇ ಊದುವುದು ಇವುಗಳಲ್ಲಿ ಯಾವುದಾದರೂ ಕಂಡರೆ ನೇರ ಆಸ್ಪತ್ರೆಗೆ.

ಸಕ್ಕರೆಯ ಪರೀಕ್ಷೆ ಎರಡು ಸಲ: ಮೊದಲ ಭೇಟಿಯಲ್ಲಿ, ಮತ್ತೆ 24–28ನೇ ವಾರದಲ್ಲಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ರಕ್ತದ ಸಕ್ಕರೆ 140 ಅಥವಾ ಹೆಚ್ಚಿದ್ದರೆ ಅದು ಬಸಿರಿನ ಸಕ್ಕರೆ. ನಿಂಬೆಹುಳಿ ಹಿಂಡಿಕೊಂಡರೆ ವಾಂತಿ ಕಡಿಮೆ. ವಾಂತಿಯಾದರೆ ಇನ್ನೊಂದು ದಿನ ಮಾಡಿಸು, ಆ ರಕ್ತದ ಅಂಕಿ ನಂಬುವಂಥದ್ದಲ್ಲ.

ಕೊನೆಯ ತಿಂಗಳಲ್ಲಿ 'ನೋವು ಬರಲಿ, ಕಾಯೋಣ' ಎಂದು 41 ವಾರದವರೆಗೆ ಕೂರಬೇಡ. ನಲವತ್ತು ದಾಟಿದವರಿಗೆ 39ನೇ ವಾರದಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಇಪ್ಪತ್ತರ ಹರೆಯದವರಿಗೆ 41ನೇ ವಾರದಲ್ಲಿ ಇರುವಷ್ಟು. 39–40ರಲ್ಲಿ ನೋವು ಬರಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡು. ಮಗುವಿನ ಒದೆತ ಕಡಿಮೆಯಾಯಿತು ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಹೊರಡು.

ಆಫೀಸಿನ ವಿಷಯ: ಹೆರಿಗೆ ರಜೆ 26 ವಾರ, ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ದಿನಾಂಕವನ್ನು ಬಾಯಿಮಾತಿನಲ್ಲಿ ಹೇಳಬೇಡ, ಇಮೇಲ್ ಹಾಕು.

ಮಗುವಿಗೆ ಇಪ್ಪತ್ತಾದಾಗ ನಿನಗೆ ಅರವತ್ತು, ಡಿಗ್ರಿ ಮುಗಿಯುವ ಮೊದಲೇ ಸಂಬಳ ನಿಲ್ಲುತ್ತದೆ. ಮಗಳಾದರೆ ಸುಕನ್ಯಾ ಸಮೃದ್ಧಿ ಖಾತೆ ಹುಟ್ಟಿದ ವರ್ಷವೇ ತೆರೆ, ದುಡ್ಡು ಪೂರ್ತಿ ಕೈಗೆ ಬರುವುದು ತೆರೆದ 21 ವರ್ಷಕ್ಕೆ. ಟರ್ಮ್ ವಿಮೆಯನ್ನು ಸಾಲದ ಅವಧಿಗೆ ಹೊಂದಿಸದೆ ಮಗುವಿಗೆ 25 ಆಗುವವರೆಗೆ ಲೆಕ್ಕ ಹಾಕಿ ಇಬ್ಬರೂ ಮಾಡಿಸಿ. ನೀವಿಬ್ಬರೂ ಇಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂದು ಅವರನ್ನೇ ಕೇಳಿ, ಒಪ್ಪಿದ ಮೇಲೆ ವಿಲ್‌ನಲ್ಲಿ ಹೆಸರು ಬರೆದಿಡಿ. ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು.

ಪ್ರೀತಿಯಿಂದ,
ಅಮ್ಮ